ಆರ್ಥರ್ ವಾರ್ಟನ್ನನ ಜೀವಿತ ವೃತ್ತಾಂತ

ಚಿನ್ನದ ಸೀಮೆ ಎಂದೊಡನೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಾದ ನಮಗೆ ಬಂಗಾರಪೇಟೆಯ ಆಚೆಗಿರುವ ಗಣಿಗಳೂ ಅವುಗಳ ಪಕ್ಕದಲ್ಲಿ ಬೂದಿಯ ಬಣ್ಣದ ಗುಡ್ಡಗಳಂತೆ ಬಿದ್ದಿರುವ ಸೈನೈಡ್ ದಿಬ್ಬಗಳೂ ನೆನಪಿಗೆ ಬರುತ್ತವೆ. ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿಯೂ ಇಂಥದೇ ಹೆಸರುಳ್ಳ ಒಂದು ಸೀಮೆಯಿತ್ತು. ಇಂಗ್ಲಿಷರು ಅದನ್ನು ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ ಎಂದು ಕರೆಯುತ್ತಿದ್ದರು. ೧೯೫೭ರಲ್ಲಿ ಆ ದೇಶವು ಸ್ವತಂತ್ರವಾದ ಮೇಲೆ ಅದಕ್ಕೆ ಘಾನಾ ಎಂಬ ಹೆಸರಾಯಿತು. ಮಂಗಳೂರಿಗೆ ೧೮೩೪ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಅದಕ್ಕೆ ಆರು ವರುಷ ಮುಂಚೆಯೇ ಆ ಕರಾವಳಿಗೆ ಬೋಧಕರನ್ನು ಕಳುಹಿಸಿದ್ದರು. ವೆಸ್ಲಿಯನ್ ಮಿಶನ್ನಿನವರು ೧೮೩೫ರಲ್ಲಿ ಅಲ್ಲಿಗೆ ಹೋದರು. ಆ ಸೀಮೆಯ ಅಕ್ರಾ ಪಟ್ಟಣದ ಜೇಮ್ಸ್‌ಟೌನ್ ಎಂಬ ಕೇರಿಯಲ್ಲಿ ೧೮೬೫ನೆಯ ಇಸವಿ ಅಕ್ಟೋಬರ್ ೨೮ರಂದು ಒಬ್ಬ ವೆಸ್ಲಿಯನ್ ಬೋಧಕರ ಮನೆಯಲ್ಲಿ ಆರ್ಥರ್ ವಾರ್ಟನ್ ಎಂಬ ಮಗನು ಹುಟ್ಟಿದನು. ತಂದೆಯ ಹಾಗೆಯೇ ಬೋಧಕನಾಗುವನೆಂದು ಹಿರಿಯರು ಅವನನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವನಾದರೋ ಕಾಲ್ಚೆಂಡಿನ ಆಟದಲ್ಲಿ ಗೋಲು ಕಾಯುವವನಾದನು. ಸಂಬಳ ಪಡೆದು ಆ ಆಟವನ್ನಾಡಿದ ಕಪ್ಪು ಜನಾಂಗದವರಲ್ಲಿ ಮೊದಲನೆಯವನೆಂದು ಸಾಮಾನ್ಯವಾಗಿ ಅವನನ್ನೇ ಎಣಿಸುತ್ತಾರೆ.

ಅವನ ತಂದೆಯಾದ ಹೆನ್ರಿ ವಾರ್ಟನ್ ಅಯ್ಯನವರು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಒಂದಾದ ಗ್ರೆನೇಡಾದವರು. ಅವರಲ್ಲಿ ಸ್ಕಾಟ್ಲೆಂಡಿನ ರಕ್ತವೂ ಆಫ್ರಿಕಾದ ರಕ್ತವೂ ಕೂಡಿದ್ದವು. ಆಫ್ರಿಕಾದಿಂದ ಸೆರೆಹಿಡಿದು ಹಡಗುಗಳಲ್ಲಿ ತುಂಬಿ ತಂದ ಜನರು ಆ ದ್ವೀಪಗಳ ತೋಟಗಳಲ್ಲಿ ತಲೆತಲಾಂತರ ದಾಸತ್ವವನ್ನು ಅನುಭವಿಸಿ, ೧೮೩೪ಕ್ಕೂ ೧೮೩೮ಕ್ಕೂ ನಡುವೆ ಬಿಡುಗಡೆ ಹೊಂದಿದವರು. ಗೋಲ್ಡ್ ಕೋಸ್ಟಿಗೆ ಹೋದ ಬಿಳಿಯ ಬೋಧಕರಲ್ಲಿ ಅನೇಕರು ಹಡಗಿನಿಂದ ಇಳಿದ ಕೆಲವು ತಿಂಗಳುಗಳಲ್ಲಿಯೇ ಜ್ವರದಿಂದ ತೀರಿಹೋಗುತ್ತಿದ್ದರು. ಆದುದರಿಂದ ಆಫ್ರಿಕಾದ ಮೂಲವುಳ್ಳವರು ಆ ಹವೆಯನ್ನು ತಾಳಬಲ್ಲರೆಂದು ಎಣಿಸಿ ಮಿಶನ್ನಿನವರು ಅಂಥವರನ್ನು ಹುಡುಕಿ ಕಳುಹಿಸಿದರು. ಹಾಗೆ ಹೋದವರಲ್ಲಿ ಥಾಮಸ್ ಬರ್ಚ್ ಫ್ರೀಮನ್ ಅಯ್ಯನವರು ಬಹು ಪ್ರಸಿದ್ಧರು; ಹೆನ್ರಿ ವಾರ್ಟನ್ನರು ಅವರ ಜೊತೆಗೆಲಸದವರು. ಅಜ್ಜಂದಿರನ್ನು ಯಾವ ದಡದಿಂದ ಸರಪಣಿ ಬಿಗಿದು ಒಯ್ದಿದ್ದರೋ ಅದೇ ದಡಕ್ಕೆ ಮೊಮ್ಮಗನು ಬೋಧಕನಾಗಿ ಮರಳಿ, ಇಪ್ಪತ್ತೈದು ವರುಷಗಳಿಗೂ ಮೇಲ್ಪಟ್ಟು ದುಡಿದನು. ಆರ್ಥರನ ತಾಯಿಯು ಫಾಂಟಿ ಜನರ ಅರಸು ಮನೆತನಕ್ಕೆ ಸಂಬಂಧಪಟ್ಟವರು.

ಹೆನ್ರಿ ವಾರ್ಟನ್ನರು ೧೮೭೩ರಲ್ಲಿ ಮಡೀರಾ ದ್ವೀಪದಲ್ಲಿ ತೀರಿಕೊಂಡರು. ಆಗ ಆರ್ಥರನಿಗೆ ಸುಮಾರು ಎಂಟು ವರುಷ. ತಂದೆಯ ಜೀವಮಾನದ ಕೆಲಸವನ್ನು ವಿವರಿಸುವ ಪುಸ್ತಕವು ಅವರು ತೀರಿಕೊಂಡ ಎರಡು ವರುಷಗಳೊಳಗೆ ಲಂಡನಿನಲ್ಲಿ ಅಚ್ಚಾಯಿತು. ಅಪ್ಪನ ಹೆಸರು ಹೊದಿಕೆಯ ಮೇಲೆ ಅಚ್ಚಾಗಿರುವ ಪುಸ್ತಕವು ಮನೆಯಲ್ಲಿರುವಾಗ ಮಗನ ದಾರಿ ಯಾವುದೆಂದು ಯಾರಾದರೂ ಕೇಳುವರೇ?

ಹುಡುಗನು ಕೆಲವು ಕಾಲ ಲಂಡನಿನ ಶಾಲೆಯಲ್ಲಿ ಓದಿ, ಊರಿಗೆ ಹೋಗಿ, ತಿರುಗಿ ೧೮೮೨ರಲ್ಲಿ ಇಂಗ್ಲೆಂಡಿಗೆ ಬಂದನು. ಮೊದಲು ಸ್ಟಾಫರ್ಡ್‌ಶೈರ್ ಪ್ರಾಂತ್ಯದಲ್ಲಿಯೂ ಬಳಿಕ ಉತ್ತರದ ಡಾರ್ಲಿಂಗ್ಟನ್ ಊರಿನ ಕ್ಲೀವ್‌ಲೆಂಡ್ ಕಾಲೇಜಿನಲ್ಲಿಯೂ ಬೋಧಕನ ಹಾಗೂ ಉಪಾಧ್ಯಾಯನ ಕೆಲಸಕ್ಕಾಗಿ ಕಲಿಯುತ್ತಿದ್ದನು. ಡಾರ್ಲಿಂಗ್ಟನ್ ಎಂಬುದು ರೈಲುದಾರಿಯ ಚರಿತ್ರೆಯಲ್ಲಿ ಹೆಸರಾದ ಊರು. ಕಾರ್ಖಾನೆಗಳ ಕೆಲಸಗಾರರಿಗೆ ಶನಿವಾರ ಮಧ್ಯಾಹ್ನ ಬಿಡುವಾದೊಡನೆ ಆ ಸೀಮೆಯ ಬಯಲುಗಳೆಲ್ಲ ಓಟಗಾರರಿಂದಲೂ ಚೆಂಡಾಡುವವರಿಂದಲೂ ತುಂಬುತ್ತಿದ್ದವು. ಆರ್ಥರನೂ ಆ ಬಯಲಿಗಿಳಿದನು. ೧೮೮೫ರಲ್ಲಿ ಡಾರ್ಲಿಂಗ್ಟನ್ ತಂಡಕ್ಕೆ ಗೋಲು ಕಾಯುವವನಾದನು. ಸ್ವಲ್ಪ ಕಾಲದಲ್ಲಿಯೇ ಬೋಧಕನ ಕಲಿಕೆಯನ್ನು ಬಿಟ್ಟುಬಿಟ್ಟನು.

ಈ ಸ್ಥಳಕ್ಕೆ ಬಂದಾಗ ನಮ್ಮಲ್ಲಿ ಕೆಲವರು ಪತ್ರಿಕೆಯನ್ನು ಮಡಚಿಟ್ಟು, ನೇಗಿಲನ್ನು ಬಿಟ್ಟವನ ಕಥೆ ನಮಗೇತಕ್ಕೆ ಎನ್ನಬಹುದು. ಹಾಗೆನ್ನುವ ಮೊದಲು ನಮ್ಮ ಸಭೆಗಳ ಹಿಂದಿನ ಕಾಲವನ್ನು ಸ್ವಲ್ಪ ನೆನೆಯಿರಿ. ಧಾತು ಈಶ್ವರ ಸಂವತ್ಸರಗಳ ಮಹಾ ಬರಗಾಲದಲ್ಲಿ ಆನ್‌ಸ್ಟಿ ದೊರೆಸಾನಿಯವರು ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಕೂಡಿಸಿ ಅನ್ನವಿಟ್ಟು ಓದಿಸಿದರು. ೧೮೯೦ರಲ್ಲಿ ಆ ಕೆಲಸವು ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಶನ್ನಿನ ಕೈಗೆ ಬಂತು. ಆ ಮನೆಗಳಲ್ಲಿ ಬೆಳೆದವರೆಲ್ಲರೂ, ಅವರ ಮಕ್ಕಳೆಲ್ಲರೂ ಉಪದೇಶಿಗಳಾದರೇ? ಒಬ್ಬನು ಬಡಗಿಯಾದನು, ಒಬ್ಬನು ಉಳುಮೆಗೆ ಹೋದನು, ಒಬ್ಬನು ಗಣಿಗೆ ಇಳಿದನು. ಅವರ ಹೆಸರುಗಳನ್ನು ಸಭೆಯ ಪುಸ್ತಕದಿಂದ ಹೊಡೆದುಹಾಕಲಿಲ್ಲ. ಆರ್ಥರನಿಗೆ ದಾರಿಯನ್ನು ಹಾಕಿಕೊಟ್ಟವರು ಹಿರಿಯರು. ನಡೆಯಬೇಕಾದ ಕಾಲುಗಳು ಅವನವು. ಆ ಕಾಲುಗಳೋ ಬೇರೆಯೇ ವಿಧದವು. ಆದರೂ ಗೋಲ್ಡ್ ಕೋಸ್ಟಿನ ಸಭೆಗಳಿಗೆ ತಮ್ಮ ಭಾಷೆಯನ್ನೂ ಇಂಗ್ಲಿಷನ್ನೂ ಬಲ್ಲ ಒಬ್ಬ ಬೋಧಕನು ತಪ್ಪಿಹೋದನೆಂಬುದು ಸತ್ಯವೇ. ಅದನ್ನು ಸಣ್ಣ ನಷ್ಟವೆಂದು ನಾನು ಹೇಳುವುದಿಲ್ಲ.

ಅವನ ಓಟದ ಸಂಗತಿಯನ್ನು ಕೇಳಿರಿ. ೧೮೮೬ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಬಯಲಿನಲ್ಲಿ ಇಂಗ್ಲೆಂಡಿನ ಹವ್ಯಾಸಿ ಓಟಗಾರರ ದೊಡ್ಡ ಪಂದ್ಯವು ನಡೆಯಿತು. ನೂರು ಗಜದ ಓಟವನ್ನು ಆರ್ಥರನು ಸರಿಯಾಗಿ ಹತ್ತು ಸೆಕೆಂಡಿನಲ್ಲಿ ಮುಗಿಸಿದನು. ಒಂದು ಸಾರಿಯಲ್ಲ, ಮೊದಲ ಸುತ್ತಿನಲ್ಲೊಮ್ಮೆ, ಕಡೆಯ ಓಟದಲ್ಲಿ ಇನ್ನೊಮ್ಮೆ. ಅಂಥ ರಾಷ್ಟ್ರೀಯ ಪಂದ್ಯದಲ್ಲಿ ಗಡಿಯಾರ ಹಿಡಿದು ಬರೆದಿಟ್ಟ ಮೊದಲನೆಯ ಹತ್ತು ಸೆಕೆಂಡಿನ ಓಟವು ಅದೇ. ಲೋಕದ ದಾಖಲೆಯೆಂದು ಎಣಿಸಲ್ಪಟ್ಟಿತು. ಮರುವರುಷ ೧೮೮೭ರಲ್ಲಿಯೂ ಅವನೇ ಗೆದ್ದನು. ಸಾಮ್ರಾಜ್ಯದ ರಾಜಧಾನಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಆಫ್ರಿಕಾದ ಒಬ್ಬ ಯುವಕನು ಆ ದೇಶದ ಅತಿ ವೇಗದ ಓಟಗಾರರನ್ನು ಹಿಂದೆ ಹಾಕಿದನು.

ಆದರೆ ಅವನ ಹೆಸರು ಉಳಿದಿರುವುದು ಗೋಲು ಕಾಯುವ ಕೆಲಸದಿಂದ. ಈ ಕೆಲಸವು ಎಂಥದೆಂಬುದನ್ನು ಹೇಳಬೇಕು. ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಒಂದು ಬಾಗಿಲು, ಅದಕ್ಕೆ ಕದವಿಲ್ಲ, ಕದವೇ ಆ ಮನುಷ್ಯನು. ಹನ್ನೊಂದು ಜನರಲ್ಲಿ ಹತ್ತು ಜನರು ಓಡುವರು, ಇವನೊಬ್ಬನು ನಿಲ್ಲುವನು. ಅಟ್ಟಣೆಯ ಮೇಲೆ ಕುಳಿತು ರಾಗಿಯ ಹೊಲವನ್ನು ಕಾಯುವವನು ರಾತ್ರಿಯೆಲ್ಲಾ ಎಚ್ಚರವಾಗಿದ್ದು ಒಂದು ಗಳಿಗೆ ಕಣ್ಣುಮುಚ್ಚಿದರೆ ಹಂದಿಗಳು ನುಗ್ಗುವ ಹಾಗೆ, ಹತ್ತು ಸಾರಿ ತಡೆದು ಒಂದು ಸಾರಿ ತಪ್ಪಿದರೂ ಜನರು ಮಾತಾಡುವುದು ಆ ಒಂದನ್ನೇ. ಅಂದಿನ ಕಾಲದಲ್ಲಿಯಂತೂ ಈ ಕೆಲಸವು ಅಪಾಯದ್ದಾಗಿತ್ತು. ಚೆಂಡು ಕೈಯಲ್ಲಿರಲಿ ಇಲ್ಲದಿರಲಿ, ಎದುರಾಳಿಗಳು ಭುಜದಿಂದ ಗುದ್ದಿ ಅವನನ್ನು ಕೆಡವಬಹುದಾಗಿತ್ತು. ಇದಕ್ಕೆ ತಡೆ ಬಂದದ್ದು ೧೮೯೦ರ ನಂತರವೇ. ಗೋಲಿನ ಹಿಂದೆ ಬಲೆ ಕಟ್ಟುವ ಪದ್ಧತಿಯೂ ಪೆನಾಲ್ಟಿ ಒದೆತವೂ ೧೮೯೧ರ ವರೆಗೆ ಇರಲಿಲ್ಲ. ಬೇರೆ ಬಣ್ಣದ ಅಂಗಿಯೂ ಇರಲಿಲ್ಲ. ಆ ನಿಯಮವು ೧೯೦೯ರದು. ಇನ್ನೊಂದು ಕಡೆ, ಕೈಯಿಂದ ಚೆಂಡನ್ನು ಮುಟ್ಟುವ ಅಧಿಕಾರವು ಗೋಲಿನ ಮುಂದಿನ ಚೌಕಕ್ಕೆ ಮಾತ್ರ ಸೀಮಿತವಾದದ್ದು ೧೯೧೨ರಲ್ಲಿ. ಅದಕ್ಕೆ ಮೊದಲು ಅವನು ಬಹುದೂರ ಮುಂದಕ್ಕೆ ಬಂದು ಚೆಂಡನ್ನು ಹಿಡಿಯಬಹುದಾಗಿತ್ತು. ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡುವವನಿಗೆ ಇದು ಎಷ್ಟು ಅನುಕೂಲವೋ ನೋಡಿರಿ.

ಆರ್ಥರನು ಗೋಲಿನ ನಡುವೆ ನಿಲ್ಲುತ್ತಿರಲಿಲ್ಲ. ಒಂದು ಕಂಬದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಏನೂ ಕಾಣದವನ ಹಾಗೆ ಇದ್ದು, ಕಡೆಯ ಗಳಿಗೆಯಲ್ಲಿ ಚಿರತೆಯಂತೆ ಹಾರಿ ಚೆಂಡನ್ನು ಮುಷ್ಟಿಯಿಂದ ಹೊಡೆದಟ್ಟುತ್ತಿದ್ದನು. ಅವನ ಮುಷ್ಟಿಯ ಬಲವು ಆ ಸೀಮೆಯಲ್ಲೆಲ್ಲಾ ಹೆಸರಾಗಿತ್ತು. ಶೆಫೀಲ್ಡಿನಲ್ಲಿ ನಡೆದ ಒಂದು ಆಟವನ್ನು ಕಂಡ ಒಬ್ಬ ಮುದುಕನು ೧೯೪೨ರಲ್ಲಿ, ಅಂದರೆ ವಾರ್ಟನ್ನನು ಸತ್ತ ಹನ್ನೆರಡನೆಯ ವರುಷದಲ್ಲಿ, ಒಂದು ವರ್ತಮಾನ ಪತ್ರಿಕೆಗೆ ಅದನ್ನು ಬರೆದು ಕಳುಹಿಸಿದನು. ಆರ್ಥರನು ಮೇಲಕ್ಕೆ ಹಾರಿ ಅಡ್ಡಪಟ್ಟಿಯನ್ನು ಎರಡು ಕೈಗಳಿಂದ ಹಿಡಿದು ಜೋತುಬಿದ್ದು, ಬಂದ ಚೆಂಡನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡನಂತೆ. ನುಗ್ಗಿ ಬಂದ ಮೂವರು ಎದುರಾಳಿಗಳು ಚೆಂಡಿಲ್ಲದೆ ತಾವೇ ಗೋಲಿನೊಳಗೆ ಹೋಗಿ ಬಿದ್ದರಂತೆ. ಐವತ್ತು ವರುಷ ಆಟವನ್ನು ನೋಡಿದರೂ ಅಂಥದನ್ನು ಮತ್ತೆ ಕಾಣಲಿಲ್ಲವೆಂದು ಆ ಮುದುಕನ ಸಾಕ್ಷಿ.

ಡಾರ್ಲಿಂಗ್ಟನ್ನಿನಲ್ಲಿ ಅವನನ್ನು ಕಂಡ ಪ್ರೆಸ್ಟನ್ ನಾರ್ತ್ ಎಂಡ್ ತಂಡದವರು ತಮ್ಮ ಗೋಲಿಗೆ ಕರೆದುಕೊಂಡರು. ಆ ಕಾಲದಲ್ಲಿ ಅದಕ್ಕಿಂತ ಬಲವಾದ ತಂಡವು ಇರಲಿಲ್ಲವೆನ್ನಬಹುದು. ೧೮೮೬-೮೭ರಲ್ಲಿ ಅವರು ಇಂಗ್ಲೆಂಡಿನ ಕಪ್ ಪಂದ್ಯದ ಉಪಾಂತ್ಯದ ವರೆಗೆ ಹೋಗಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡಕ್ಕೆ ಸೋತರು. ಆ ದಿನಗಳಲ್ಲಿ ಆರ್ಥರನನ್ನು ಇಂಗ್ಲೆಂಡಿನ ರಾಷ್ಟ್ರೀಯ ತಂಡಕ್ಕೆ ತೆಗೆದುಕೊಳ್ಳಬೇಕೆಂಬ ಮಾತು ಎದ್ದಿತು, ಮಾತಾಗಿಯೇ ಹೋಯಿತು. ಒಂದು ಕ್ರೀಡಾಪತ್ರಿಕೆಯಂತೂ ಅವನ ಕುಳಿತಾಟವನ್ನು ಕೋತಿಚೇಷ್ಟೆಯೆಂದು ಹೀಯಾಳಿಸಿ, ಅವನ ಬಣ್ಣವನ್ನೂ ಬುದ್ಧಿಯನ್ನೂ ಒಂದೇ ಮಾತಿನಲ್ಲಿ ಹಳಿಯಿತು. ಬಿಳಿಯನು ಹಾಗೆ ಆಡಿದ್ದರೆ ಚಮತ್ಕಾರವೆನ್ನುತ್ತಿದ್ದರು. ಇವನು ಆಡಿದ್ದರಿಂದ ಅದು ಕೋಡಂಗಿತನವಾಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಕೋಲು ನಮ್ಮ ಹಳ್ಳಿಗಳಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿರಿ. ಸಾವಿರಾರು ಸಭೆಗಳೂ ದೇವಾಲಯಗಳೂ ಇದ್ದ ದೇಶದಲ್ಲಿಯೂ ಅದು ಮೂಲೆಯಲ್ಲಿಟ್ಟಿರದೆ ಕೈಯಲ್ಲಿಯೇ ಇತ್ತು.

೧೮೮೮ರಲ್ಲಿ ಅವನು ಪ್ರೆಸ್ಟನ್ನನ್ನು ಬಿಟ್ಟು, ಬಹುಮಾನದ ಹಣಕ್ಕಾಗಿ ಓಡುವ ಓಟಗಳಿಗೆ ಹೋದನು. ಅದೇ ವರುಷ ಸೆಪ್ಟೆಂಬರಿನಲ್ಲಿ ಶೆಫೀಲ್ಡಿನ ದೊಡ್ಡ ಓಟವನ್ನು ಗೆದ್ದನು. ಆದರೆ ಲೆಕ್ಕ ಹಾಕಿ ನೋಡಿದರೆ ಅವನ ಜೀವಿತದಲ್ಲಿ ಇದಕ್ಕಿಂತ ದೊಡ್ಡ ನಷ್ಟವನ್ನು ನಾನು ಕಾಣೆನು. ಅದೇ ಕಾಲದಲ್ಲಿ ಹನ್ನೆರಡು ತಂಡಗಳು ಕೂಡಿ ಇಂಗ್ಲೆಂಡಿನ ಮೊದಲನೆಯ ಲೀಗ್ ಪಂದ್ಯವನ್ನು ಹೂಡಿದವು. ಪ್ರೆಸ್ಟನ್ನಿನವರು ಇಪ್ಪತ್ತೆರಡು ಆಟಗಳಲ್ಲಿ ಹದಿನೆಂಟನ್ನು ಗೆದ್ದು, ನಾಲ್ಕನ್ನು ಸಮಮಾಡಿ, ಒಂದನ್ನೂ ಸೋಲದೆ ಲೀಗನ್ನು ಗೆದ್ದರು. ಕಪ್ಪನ್ನೂ ಒಂದೇ ಒಂದು ಗೋಲು ಕೊಡದೆ ಗೆದ್ದರು. ಸೋಲರಿಯದವರೆಂದು ಆ ತಂಡದವರ ಹೆಸರು ಈ ವರೆಗೂ ಉಳಿದಿದೆ. ಒಂದೇ ಒಂದು ವರುಷ ಕಾದಿದ್ದರೆ ಆ ಪಟ್ಟಿಯಲ್ಲಿ ಆರ್ಥರ್ ವಾರ್ಟನ್ ಎಂಬ ಹೆಸರೂ ಇರುತ್ತಿತ್ತೋ ಏನೋ.

೧೮೮೫ರ ವರೆಗೆ ಇಂಗ್ಲೆಂಡಿನಲ್ಲಿ ಕಾಲ್ಚೆಂಡಿನ ಆಟಕ್ಕೆ ಸಂಬಳ ಕೊಡುವುದು ನಿಯಮಕ್ಕೆ ವಿರೋಧವಾಗಿತ್ತು. ಆ ವರುಷ ಜುಲೈಯಲ್ಲಿ ತಡೆಯನ್ನು ತೆಗೆದುಹಾಕಿದರು. ಗಣಿಯವರ, ನೂಲಿನ ಗಿರಣಿಯವರ ಮಕ್ಕಳು ಆಟದಿಂದ ಹೊಟ್ಟೆಹೊರೆಯುವ ಕಾಲ ಬಂತು. ೧೮೮೯ರಲ್ಲಿ ಆರ್ಥರನು ಯಾರ್ಕ್‌ಶೈರಿನ ರಾದರಮ್ ಟೌನ್ ತಂಡಕ್ಕೆ ಸಂಬಳದ ಗೋಲ್‌ಕೀಪರನಾಗಿ ಸೇರಿದನು. ಅಲ್ಲಿ ೧೮೯೦ರಲ್ಲಿ ಎಮ್ಮಾ ಲಿಸ್ಟರ್ ಎಂಬವಳನ್ನು ಮದುವೆಯಾದನು. ಐದಾರು ವರುಷ ಆ ಊರಿನ ಗೋಲನ್ನು ಕಾದನು. ೧೮೯೩ರಲ್ಲಿ ಆ ತಂಡವು ಲೀಗಿನ ಎರಡನೆಯ ವಿಭಾಗವನ್ನು ಸೇರಿತು. ಅವನ ಒಳ್ಳೆಯ ವರುಷಗಳು ಇವೇ.

೧೮೯೪ರಲ್ಲಿ ಶೆಫೀಲ್ಡ್ ಯುನೈಟೆಡ್ ತಂಡದವರು ಅವನನ್ನು ಕರೆದುಕೊಂಡರು. ಅದೇ ವರುಷ ವಿಲಿಯಂ ಫೌಕ್ ಎಂಬ ಯುವಕನೂ ಅಲ್ಲಿಗೆ ಬಂದನು. ಅವನು ಆರಡಿಗೂ ಮೀರಿದ ಆಳು. ಮುಂದೆ ತೂಕದಲ್ಲಿ ೧೨೫ ಕಿಲೋಗ್ರಾಮನ್ನು ದಾಟಿ, ಗೋಲಿನ ಬಾಗಿಲನ್ನೇ ತುಂಬಿಸಿದನೆಂದು ಪ್ರಖ್ಯಾತನಾದನು. ಅವನ ನೆರಳಿನಲ್ಲಿ ಆರ್ಥರನಿಗೆ ಸಿಕ್ಕಿದ್ದು ಮೂರೇ ಆಟಗಳು. ಅವುಗಳಲ್ಲಿ ಒಂದು ಸಂಡರ್ಲೆಂಡ್ ತಂಡದ ಮೇಲೆ, ಲೀಗಿನ ಮೊದಲನೆಯ ವಿಭಾಗದಲ್ಲಿ. ಆ ವಿಭಾಗದಲ್ಲಿ ಆಡಿದ ಕಪ್ಪು ಜನಾಂಗದವರಲ್ಲಿ ಅವನೇ ಮೊದಲನೆಯವನು. ಆಗ ಅವನಿಗೆ ಇಪ್ಪತ್ತೊಂಬತ್ತು ವರುಷ.

ಮುಂದಿನ ವರುಷಗಳನ್ನು ಬೇಗನೆ ಹೇಳಿಬಿಡುವೆನು. ತಿರುಗಿ ರಾದರಮ್, ಬಳಿಕ ಲ್ಯಾಂಕಶೈರ್ ಕಡೆಯ ಸ್ಟೇಲಿಬ್ರಿಡ್ಜ್ ರೋವರ್ಸ್, ಆಮೇಲೆ ಆಷ್ಟನ್ ನಾರ್ತ್ ಎಂಡ್. ಈ ತಂಡವು ೧೮೯೯ರಲ್ಲಿ ದಿವಾಳಿಯಾಗಲು ಮತ್ತೆ ಸ್ಟೇಲಿಬ್ರಿಡ್ಜಿಗೆ ಹೋದನು. ಕಡೆಗೆ ೧೯೦೧-೦೨ರಲ್ಲಿ ಸ್ಟಾಕ್‌ಪೋರ್ಟ್ ಕೌಂಟಿ ತಂಡದಲ್ಲಿ ಕೆಲವು ಆಟಗಳನ್ನಾಡಿ ೧೯೦೨ರಲ್ಲಿ ಕಾಲ್ಚೆಂಡನ್ನು ಬಿಟ್ಟನು. ಆಟಗಾರನ ಸಂಬಳವು ವಾರಕ್ಕೆ ನಾಲ್ಕು ಪೌಂಡನ್ನು ಮೀರಬಾರದೆಂಬ ಕಟ್ಟು ೧೯೦೧ರಲ್ಲಿ ಜಾರಿಗೆ ಬಂದಿತ್ತು. ಆರ್ಥರನಂಥ ಇಳಿವಯಸ್ಸಿನ ಆಟಗಾರರಿಗೆ ಸಣ್ಣ ತಂಡಗಳಲ್ಲಿ ಅಷ್ಟು ದೊರಕುವುದೂ ಕಷ್ಟ. ಕಾಲು ನಿಧಾನವಾದ ದಿನ ಸಂಬಳವು ನಿಂತುಹೋಗುವುದು. ಆಟದ ನಡುನಡುವೆ ಅವನು ರಾದರಮಿನಲ್ಲಿ ಮದ್ಯದಂಗಡಿಗಳನ್ನು ನಡೆಸಿದನು. ಹೆಸರು ಹೋದ ಆಟಗಾರನು ಗಲ್ಲೆಯ ಹಿಂದೆ ಕುಳಿತರೆ ಜನರು ಕೂಡುವರೆಂಬ ಎಣಿಕೆಯಿಂದ ಆ ದೇಶದಲ್ಲಿ ಅನೇಕರು ಹಾಗೆ ಮಾಡುತ್ತಿದ್ದರು. ಹೆಂಡದ ಮಡಕೆಯ ಬಳಿ ಕುಳಿತವನ ಕಥೆಯನ್ನು ನಮ್ಮ ಹಳ್ಳಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಮಾರುವವನು ಕುಡಿಯುವವನಾದನು. ಬೇಸಿಗೆಯಲ್ಲಿ ಹಣಕ್ಕಾಗಿ ಕ್ರಿಕೆಟ್ ಆಡುವುದು ಮಾತ್ರ ಬಹುಕಾಲ ನಡೆಯಿತು.

ಕಡೆಗೆ ಅವನು ಡಾಂಕಾಸ್ಟರಿನ ಹತ್ತಿರ ಎಡ್ಲಿಂಗ್ಟನ್ ಎಂಬ ಊರಿನಲ್ಲಿದ್ದ ಯಾರ್ಕ್‌ಶೈರ್ ಮೇನ್ ಕಲ್ಲಿದ್ದಲಿನ ಗಣಿಗೆ ಕೆಲಸಕ್ಕೆ ಹೋದನು. ಕಲ್ಲಿದ್ದಲು ತುಂಬಿದ ತಳ್ಳುಬಂಡಿಗಳನ್ನು ಸಾಗಿಸುವವರ ಗುಂಪಿನಲ್ಲಿ ಒಬ್ಬನಾದನು. ಗಣಿಯ ಊರಿನ ಬಾಳು ಎಂಥದೆಂದು ನಮ್ಮ ಕಡೆಯವರಿಗೆ ಗೊತ್ತು: ಗಂಟೆ ಹೊಡೆದೊಡನೆ ಇಳಿಯಬೇಕು, ಕತ್ತಲೆಯಲ್ಲಿ ದುಡಿಯಬೇಕು, ಮೇಲೆ ಬಂದಾಗ ಎದೆಯಲ್ಲಿ ಧೂಳು. ಕೋಲಾರದ ಚಿನ್ನದ ಗಣಿಗಳಲ್ಲಿಯೂ ೧೮೮೦ರಿಂದ ೨೦೦೧ರಲ್ಲಿ ಅವು ಮುಚ್ಚುವ ತನಕ ತಮಿಳು ತೆಲುಗು ಸೀಮೆಗಳವರೂ ಸುತ್ತಲಿನ ಹಳ್ಳಿಗಳವರೂ ಹೀಗೆಯೇ ಇಳಿದು ಏರಿದರು. ಅವರ ಮಕ್ಕಳು ಗಣಿಯ ಬಯಲುಗಳಲ್ಲಿ ಕಾಲ್ಚೆಂಡಾಡಿ ಬೆಳೆದರು. ಚಿನ್ನದ ಕರಾವಳಿಯಲ್ಲಿ ಹುಟ್ಟಿದ ಆರ್ಥರನ ಪಾಲಿಗೆ ಬಂದದ್ದು ಕಲ್ಲಿದ್ದಲು. ನೆಲದಡಿಯಲ್ಲಿ ಎಲ್ಲರ ಮುಖವೂ ಒಂದೇ ಬಣ್ಣವೆಂದು ಗಣಿಯವರು ಹೇಳುವುದುಂಟು.

ಬಹುಕಾಲ ವ್ಯಾಧಿಯಲ್ಲಿದ್ದು ೧೯೩೦ನೆಯ ಇಸವಿ ಡಿಸೆಂಬರ್ ೧೩ರಂದು ತನ್ನ ಅರುವತ್ತೈದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಎಡ್ಲಿಂಗ್ಟನ್ನಿನ ಸಮಾಧಿಭೂಮಿಯಲ್ಲಿ ಬಡವರಿಗೆಂದು ಬಿಟ್ಟ ಮೂರನೆಯ ತರಗತಿಯ ಸ್ಥಳದಲ್ಲಿ ಅವನನ್ನು ಹೂಣಿಟ್ಟರು. ಗುಂಡಿಯ ಮೇಲೆ ಹೆಸರಿನ ಕಲ್ಲಿಡುವವರು ಯಾರೂ ಇರಲಿಲ್ಲ. ಹುಲ್ಲು ಬೆಳೆಯಿತು. ಅವನ ಹತ್ತು ಸೆಕೆಂಡನ್ನು ಬೇರೆಯವರು ದಾಟಿದರು. ಅವನು ಕಾದ ರಾದರಮ್ ಟೌನ್ ತಂಡವು ೧೮೯೬ರಲ್ಲಿಯೇ ಲೀಗಿನಿಂದ ಮಾಯವಾಗಿತ್ತು. ಶೆಫೀಲ್ಡಿನ ಬೀದಿಗಳಲ್ಲಿ ಕಪ್ಪು ಹುಡುಗರು ಚೆಂಡಾಡುವ ಕಾಲ ಬಂದಾಗ, ತಮಗಿಂತ ಮೊದಲು ಇಲ್ಲೊಬ್ಬನು ಆಡಿದ್ದನೆಂದು ಅವರಿಗೆ ಹೇಳುವವರಿರಲಿಲ್ಲ.

ಅರುವತ್ತಾರು ವರುಷಗಳ ಮೇಲೆ ಆ ಮೌನವು ಮುರಿಯಿತು. ಆಟದಲ್ಲಿ ವರ್ಣಭೇದವು ಇರಬಾರದೆಂದು ಶೆಫೀಲ್ಡಿನಲ್ಲಿ ಹುಟ್ಟಿದ ಒಂದು ಸಂಘದವರು ಹಣ ಕೂಡಿಸಿ ೧೯೯೭ನೆಯ ಇಸವಿ ಮೇ ತಿಂಗಳಲ್ಲಿ ಅವನ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸಿದರು. ಮರುವರುಷ ಫಿಲ್ ವಾಸಿಲಿ ಎಂಬ ಚರಿತ್ರಕಾರರು ಅವನ ಜೀವನವನ್ನು ಪುಸ್ತಕವಾಗಿ ಬರೆದು ಪ್ರಕಟಿಸಿದರು. ತಂದೆಯ ಪುಸ್ತಕಕ್ಕೆ ಎರಡು ವರುಷ ಸಾಕಾಗಿತ್ತು. ಮಗನದಕ್ಕೆ ಅರುವತ್ತೆಂಟು ಬೇಕಾಯಿತು. ಹೆನ್ರಿ ಅಯ್ಯನವರು ಬದುಕಿದ್ದರೆ ಮಗನ ಪುಸ್ತಕದ ಕೆಲವು ಪುಟಗಳನ್ನು ಓದಲಾರದೆ ತಿರುವಿಹಾಕುತ್ತಿದ್ದರು. ಆದರೂ ಕಡೆಯ ತನಕ ಓದುತ್ತಿದ್ದರೆಂದು ನನಗೆ ತೋರುತ್ತದೆ. ೨೦೦೩ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಿನ ಕೀರ್ತಿಶಾಲಿಗಳ ಪಟ್ಟಿಯಲ್ಲಿ ಅವನ ಹೆಸರನ್ನು ಬರೆದರು. ರಾಷ್ಟ್ರೀಯ ತಂಡಕ್ಕೆ ಒಮ್ಮೆಯೂ ಅವನನ್ನು ಕರೆಯದ ಆ ದೇಶದಲ್ಲಿ, ಅದೇ ತಂಡದವರು ಅಭ್ಯಾಸ ಮಾಡುವ ಸೇಂಟ್ ಜಾರ್ಜ್ಸ್ ಪಾರ್ಕ್ ಎಂಬಲ್ಲಿ, ೨೦೧೪ನೆಯ ಇಸವಿ ಅಕ್ಟೋಬರಿನಲ್ಲಿ ಅವನ ಕಂಚಿನ ಪ್ರತಿಮೆಯನ್ನು ಸ್ಥಾಪಿಸಿದರು. ಅದರಲ್ಲಿ ಅವನು ನೆಲವನ್ನು ಬಿಟ್ಟು ಮೇಲಕ್ಕೆ ಹಾರಿದ್ದಾನೆ; ಚಾಚಿದ ಕೈಯು ಚೆಂಡನ್ನು ಅಡ್ಡಪಟ್ಟಿಯ ಆಚೆಗೆ ದಾಟಿಸುತ್ತಿದೆ.